ಕಂಪ್ಯೂಟರಿನೊಳಗೆ ನೀರಿನ ಓಟ: ಹರಿವು ಕುಂದಿದಾಗ ದೋಷ ಹುಡುಕುವ ಬಗೆ

ಬಿಡಿಭಾಗಗಳನ್ನು ಆರಿಸಿ ತಂದು ಕೈಯಾರೆ ಜೋಡಿಸಿದ ವಾಟರ್ ಕೂಲಿಂಗ್ ವ್ಯವಸ್ಥೆಯಲ್ಲಿ ನೀರು ಒಂದು ಮುಚ್ಚಿದ ಸುತ್ತಿನಲ್ಲಿ ಓಡುತ್ತಿರುತ್ತದೆ. ರಿಸರ್ವಾಯರ್ ಎಂಬ ಪುಟ್ಟ ತೊಟ್ಟಿಯಿಂದ ಪಂಪಿಗೆ, ಪಂಪಿನಿಂದ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡುಗಳ ಮೇಲೆ ಕುಳಿತ ತಾಮ್ರದ ಬ್ಲಾಕುಗಳಿಗೆ, ಅಲ್ಲಿಂದ ರೇಡಿಯೇಟರಿಗೆ, ಮತ್ತೆ ತೊಟ್ಟಿಗೆ. ನೀರು ಹೊತ್ತು ತಂದ ಬಿಸಿಯನ್ನು ರೇಡಿಯೇಟರಿನ ಫ್ಯಾನುಗಳು ಕೋಣೆಯ ಗಾಳಿಗೆ ದಾಟಿಸುತ್ತವೆ. 1990ರ ದಶಕದ ಕೊನೆಯಲ್ಲಿ ಹವ್ಯಾಸಿಗಳು ಕಾರಿನ ಹೀಟರಿಗೆ ಹಾಕುವ ಪುಟ್ಟ ರೇಡಿಯೇಟರನ್ನೂ ಮೀನಿನ ತೊಟ್ಟಿಯ ಪಂಪನ್ನೂ ಸೇರಿಸಿ ಇಂಥ ಲೂಪ್ ಕಟ್ಟುತ್ತಿದ್ದರು. ಈಗ ಪ್ರತಿಯೊಂದು ಭಾಗವೂ ಇದಕ್ಕೆಂದೇ ತಯಾರಾಗುತ್ತದೆ. ಸರಕು ಬದಲಾದರೂ ದೋಷಗಳು ಅಷ್ಟಾಗಿ ಬದಲಾಗಿಲ್ಲ: ಪಂಪು ತಿರುಗದಿರುವುದು, ಗಾಳಿ ಸಿಕ್ಕಿಕೊಳ್ಳುವುದು, ಸಣ್ಣ ಸಂದಿಗಳಲ್ಲಿ ಕಸ ಕೂರುವುದು, ಕೊಳವೆ ಮಡಚಿಕೊಳ್ಳುವುದು. ಕಷ್ಟವಿರುವುದು ಇವುಗಳಲ್ಲಿ ಯಾವುದೆಂದು ಲೂಪ್ ಬಿಚ್ಚುವ ಮೊದಲೇ ಗುರುತಿಸುವುದರಲ್ಲಿ. ಅದಕ್ಕೂ ಮೊದಲು, ದೋಷ ನಿಜವಾಗಿ ಹರಿವಿನದೇ ಹೌದೋ ಎಂದು ತೀರ್ಮಾನಿಸಬೇಕು. ಕಂಪ್ಯೂಟರ್ ಬಿಸಿಯಾದ ಕೂಡಲೇ ಹರಿವಿನ ಮೇಲೆ ತಪ್ಪು ಹೊರಿಸುವುದು ವಾಡಿಕೆ. ಅನೇಕ ಸಲ ಹರಿವು ನಿರಪರಾಧಿ.

ಎಷ್ಟು ಹರಿವು ಸಾಕು ಎಂಬುದನ್ನು ನೀರಿನ ಗುಣದಿಂದಲೇ ಲೆಕ್ಕ ಹಾಕಬಹುದು. ಒಂದು ಕಿಲೋ ನೀರಿನ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಲು ಸುಮಾರು 4,186 ಜೂಲ್ ಶಕ್ತಿ ಬೇಕು. ಹಾಗಾಗಿ ನಿಮಿಷಕ್ಕೆ 1 ಲೀಟರ್, ಅಂದರೆ ಗಂಟೆಗೆ 60 ಲೀಟರ್ ಓಡುವ ನೀರು ಪ್ರತಿ ಡಿಗ್ರಿ ಏರಿಕೆಗೆ ಸುಮಾರು 70 ವಾಟ್ ಬಿಸಿಯನ್ನು ಒಯ್ಯುತ್ತದೆ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಸೇರಿ 500 ವಾಟ್ ಬಿಸಿ ಹೊರಹಾಕುತ್ತಿದ್ದರೆ ಆ ಹರಿವಿನಲ್ಲಿ ಬ್ಲಾಕುಗಳನ್ನು ದಾಟಿ ಬಂದ ನೀರು 7 ಡಿಗ್ರಿಯಷ್ಟು ಹೆಚ್ಚು ಬಿಸಿಯಾಗಿರುತ್ತದೆ. ನಿಮಿಷಕ್ಕೆ 2 ಲೀಟರ್ ಆದರೆ ಈ ಏರಿಕೆ 3.6 ಡಿಗ್ರಿ, 4 ಲೀಟರ್ ಆದರೆ 1.8 ಡಿಗ್ರಿ. 8 ಲೀಟರಿಗೆ ಏರಿಸಿದರೆ ಸಿಗುವ ಲಾಭ ಇನ್ನೊಂದು ಡಿಗ್ರಿಗೂ ಕಡಿಮೆ. ಪಂಪಿನ ಸದ್ದು ಮಾತ್ರ ಖಂಡಿತ ಹೆಚ್ಚುತ್ತದೆ. ನಿಮಿಷಕ್ಕೆ ಒಂದು ಗ್ಯಾಲನ್, ಅಂದರೆ ಸುಮಾರು 3.8 ಲೀಟರ್ ಇರಲೇಬೇಕು ಎಂಬ ಮಾತು ಹವ್ಯಾಸಿಗಳಲ್ಲಿ ಬಹುಕಾಲದಿಂದ ಓಡಾಡುತ್ತಿದೆ. ಅದು ಒಳ್ಳೆಯ ಗುರಿ, ಕಟ್ಟಳೆಯಲ್ಲ. ಗಂಟೆಗೆ 100ರಿಂದ 150 ಲೀಟರಿನಲ್ಲಿ ನೆಮ್ಮದಿಯಾಗಿ ನಡೆಯುವ ಲೂಪುಗಳು ಬೇಕಾದಷ್ಟಿವೆ. ಗಂಟೆಗೆ 60 ಲೀಟರಿಗಿಂತ ಕೆಳಗಿಳಿದಾಗ ನೀರಿನ ಏರಿಕೆಯೂ ದೊಡ್ಡದಾಗುತ್ತದೆ, ತಾಮ್ರದಿಂದ ನೀರಿಗೆ ಬಿಸಿ ದಾಟುವುದೂ ನಿಧಾನವಾಗುತ್ತದೆ; ಚಿಂತಿಸಬೇಕಾದ್ದು ಆಗ.

ನೀರು ತೀರ ವೇಗವಾಗಿ ಓಡಿದರೆ ರೇಡಿಯೇಟರಿನಲ್ಲಿ ತಣ್ಣಗಾಗಲು ಪುರಸೊತ್ತೇ ಸಿಗದು ಎಂಬ ವಾದವೊಂದಿದೆ. ಮುಚ್ಚಿದ ಸುತ್ತಿನಲ್ಲಿ ಇದಕ್ಕೆ ಅರ್ಥವಿಲ್ಲ. ಒಂದು ಸಲ ಬೇಗ ದಾಟಿ ಹೋದ ನೀರೇ ಅಷ್ಟೇ ಬೇಗ ಮತ್ತೆ ಬರುತ್ತದೆ. ರೇಡಿಯೇಟರಿನೊಳಗೆ ಕಳೆಯುವ ಒಟ್ಟು ಸಮಯ ಬದಲಾಗುವುದಿಲ್ಲ. ಮೊದಲು ಪ್ರೊಸೆಸರಿಗೋ ಗ್ರಾಫಿಕ್ಸ್ ಕಾರ್ಡಿಗೋ, ನಡುವೆ ರೇಡಿಯೇಟರ್ ಇರಬೇಕೋ ಎಂಬ ಚರ್ಚೆಯನ್ನೂ ಮೇಲಿನ ಅಂಕಿಗಳೇ ಮುಗಿಸುತ್ತವೆ. ಇಡೀ ಸುತ್ತಿನಲ್ಲಿ ನೀರಿನ ಉಷ್ಣತೆಯ ಅಂತರ ಕೆಲವೇ ಡಿಗ್ರಿಯಾದ್ದರಿಂದ ಕ್ರಮ ಹೇಗಿದ್ದರೂ ನಡೆಯುತ್ತದೆ. ರಿಸರ್ವಾಯರ್ ಪಂಪಿನ ಹಿಂದೆಯೇ, ಪಂಪಿಗಿಂತ ಎತ್ತರದಲ್ಲಿ ಇರಬೇಕು ಎಂಬ ಒಂದು ನಿಯಮಕ್ಕೆ ಮಾತ್ರ ವಿನಾಯಿತಿ ಇಲ್ಲ.

ದೋಷ ಹುಡುಕುವವರಿಗೆ ಮೂರು ಅಂತರಗಳು ಆಧಾರ. ಮೊದಲನೆಯದು ಕೋಣೆಯ ಗಾಳಿಗೂ ಲೂಪಿನ ನೀರಿಗೂ ಇರುವ ಅಂತರ. ಭಾರಿ ಕೆಲಸದ ಹೊತ್ತಿನಲ್ಲಿ ಇದು 10 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಸೊಗಸು, 15 ಆದರೂ ಅಡ್ಡಿಯಿಲ್ಲ. ಇದು ಬೆಳೆಯುತ್ತಿದ್ದರೆ ಹುಳುಕು ರೇಡಿಯೇಟರಿನ ಹೊರಮೈಯಲ್ಲಿ: ರೆಕ್ಕೆಗಳ ನಡುವೆ ದೂಳು, ತಿರುಗದ ಫ್ಯಾನು, ಬಿಸಿಗಾಳಿ ಹೊರಹೋಗದ ಕ್ಯಾಬಿನೆಟ್. ಎರಡನೆಯದು ಚಿಪ್ಪಿಗೂ ನೀರಿಗೂ ಇರುವ ಅಂತರ. ನೀರು ಮೊದಲಿನಷ್ಟೇ ತಣ್ಣಗಿದ್ದು ಚಿಪ್ಪು ಮಾತ್ರ ಹಿಂದಿಗಿಂತ 15–20 ಡಿಗ್ರಿ ಹೆಚ್ಚು ಕಾಯುತ್ತಿದ್ದರೆ ಥರ್ಮಲ್ ಪೇಸ್ಟು ಒಣಗಿರಬಹುದು, ಬ್ಲಾಕಿನ ಸ್ಕ್ರೂಗಳು ಸಮನಾಗಿ ಬಿಗಿಯಾಗಿಲ್ಲದಿರಬಹುದು, ಇಲ್ಲವೇ ಬ್ಲಾಕಿನ ಒಳಗೆ ಕಸ ಕೂತಿರಬಹುದು. ಮೂರನೆಯದು ಬ್ಲಾಕುಗಳಿಗೆ ಹೋಗುವ ನೀರಿಗೂ ಬರುವ ನೀರಿಗೂ ಇರುವ ಅಂತರ. ಹರಿವಿನ ಬಗ್ಗೆ ನೇರ ಸಾಕ್ಷಿ ಹೇಳುವುದು ಇದೊಂದೇ. 500 ವಾಟಿನ ಲೂಪಿನಲ್ಲಿ ಈ ಅಂತರ 14 ಡಿಗ್ರಿ ಕಂಡರೆ ಹರಿವು ಗಂಟೆಗೆ 30 ಲೀಟರಿಗೆ ಇಳಿದಿದೆ ಎಂದು ಮೀಟರ್ ಇಲ್ಲದೆಯೇ ಹೇಳಬಹುದು.

ಕೋಣೆಯ ಉಷ್ಣತೆಯನ್ನು ಕಳೆಯದೆ ಬರೀ ಚಿಪ್ಪಿನ ಅಂಕಿಯನ್ನು ನೋಡುವವರು ಬೇಸಿಗೆಯಲ್ಲಿ ಮೋಸ ಹೋಗುತ್ತಾರೆ. ಯುರೋಪಿನವರು 22 ಡಿಗ್ರಿಯ ಕೋಣೆಯಲ್ಲಿ ಅಳೆದ ಫಲಿತಾಂಶವನ್ನು ಏಪ್ರಿಲಿನ ರಾಯಚೂರಿಗೋ ಕಲಬುರಗಿಗೋ ಹೊಂದಿಸಲಾಗದು. ಕೋಣೆಯೇ 38 ಡಿಗ್ರಿ ಇದ್ದರೆ ಆರೋಗ್ಯವಾಗಿರುವ ಲೂಪಿನ ನೀರೂ 50ರ ಹತ್ತಿರ ಬರುತ್ತದೆ. ಅದು ಹರಿವಿನ ದೋಷವಲ್ಲ, ಆದರೆ ಅಪಾಯಕ್ಕೆ ಉಳಿದಿರುವ ಅಂತರ ಕಿರಿದು: ಜನಪ್ರಿಯ ಡಿ5 ಪಂಪಿಗೆ ನೀರು 60 ಡಿಗ್ರಿ ಮೀರಬಾರದು, ಪಿಇಟಿಜಿ ಪ್ಲಾಸ್ಟಿಕ್ಕಿನ ಗಟ್ಟಿ ಕೊಳವೆಗಳೂ ಸುಮಾರು ಅದೇ ಉಷ್ಣತೆಯಲ್ಲಿ ಮೆತ್ತಗಾಗಿ ಫಿಟ್ಟಿಂಗಿನ ಬಳಿ ಆಕಾರ ಕೆಡಿಸಿಕೊಳ್ಳುತ್ತವೆ. ಅಂಥ ಊರುಗಳಲ್ಲಿ ಅಕ್ರಿಲಿಕ್ ಕೊಳವೆ ಅಥವಾ ಮೆತ್ತನೆಯ ರಬ್ಬರ್ ಕೊಳವೆ ಮೇಲು.

ಹರಿವು ಪೂರ್ತಿ ನಿಂತಾಗಿನ ಲಕ್ಷಣಗಳು ಬೇರೆ, ಮತ್ತು ಮರೆಯಲಾಗದಂಥವು. ಕಂಪ್ಯೂಟರ್ ಹೊತ್ತಿಸಿದ ಕೆಲವೇ ನಿಮಿಷಗಳಲ್ಲಿ ಪ್ರೊಸೆಸರ್ 90–100 ಡಿಗ್ರಿಗೆ ಹಾರುತ್ತದೆ, ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ, ಕೊನೆಗೆ ಆರಿಹೋಗುತ್ತದೆ. ಬ್ಲಾಕಿನ ಪಕ್ಕದ ಕೊಳವೆ ಮುಟ್ಟಿದರೆ ಬಿಸಿ. ರೇಡಿಯೇಟರ್ ತಣ್ಣಗೆ, ಅದರಿಂದ ಬರುವ ಗಾಳಿಯೂ ತಣ್ಣಗೆ. ಇಲ್ಲೊಂದು ಬಲೆಯಿದೆ. ನೀರಿನ ಉಷ್ಣತೆ ಅಳೆಯುವ ಸೆನ್ಸರ್ ರಿಸರ್ವಾಯರಿನ ಬಳಿ ಇದ್ದರೆ, ನಿಂತ ನೀರಿನಲ್ಲಿ ಕುಳಿತ ಅದು ಎಲ್ಲವೂ ಕ್ಷೇಮ ಎಂದೇ ತೋರಿಸುತ್ತಿರುತ್ತದೆ. ಫ್ಯಾನುಗಳ ವೇಗವನ್ನು ಆ ಸೆನ್ಸರಿಗೆ ಜೋಡಿಸಿದ್ದರೆ ಅವೂ ಮೆಲ್ಲಗೆ ತಿರುಗುತ್ತಿರುತ್ತವೆ. ಚಿಪ್ಪು ಸುಡುತ್ತಿದ್ದು ನೀರು ತಣ್ಣಗಿದೆ ಎಂದರೆ ಮೊದಲು ನೋಡಬೇಕಾದ್ದು ಪಂಪಿನ ಕಡೆ.

ಪಂಪುಗಳಲ್ಲಿ ಎರಡು ಕುಲಗಳು ಈ ಲೋಕವನ್ನು ಆಳಿವೆ: ಡಿ5 ಮತ್ತು ಡಿಡಿಸಿ. ಎರಡರ ಮೂಲವೂ ಜರ್ಮನಿಯ ಲೈಂಗ್ ಕಂಪನಿ. ಡಿ5 ವಿವರಪಟ್ಟಿಯಲ್ಲಿ ಗಂಟೆಗೆ 1,500 ಲೀಟರ್ ಎಂದಿರುತ್ತದೆ. ಅದು ಎದುರಿಗೆ ಯಾವ ತಡೆಯೂ ಇಲ್ಲದಾಗಿನ ಮಾತು. ನೀರನ್ನು ಸುಮಾರು 4 ಮೀಟರ್ ಎತ್ತರಕ್ಕೆ ತಳ್ಳಿ ನಿಲ್ಲಿಸಿದಾಗ ಹರಿವು ಸೊನ್ನೆ. ನಿಜವಾದ ಲೂಪ್ ಇವೆರಡರ ನಡುವೆ ಎಲ್ಲೋ ನೆಲೆ ಕಂಡುಕೊಳ್ಳುತ್ತದೆ, ಸಾಮಾನ್ಯವಾಗಿ ವಿವರಪಟ್ಟಿಯ ಅಂಕಿಯ ಐದನೇ ಒಂದು ಭಾಗದಲ್ಲೋ ಅದಕ್ಕಿಂತ ಕೆಳಗೋ. ಹರಿವು ಇಮ್ಮಡಿಯಾದರೆ ತಡೆ ಹೆಚ್ಚುಕಡಿಮೆ ನಾಲ್ಮಡಿಯಾಗುವುದರಿಂದ, ಎರಡನೆಯ ಪಂಪು ಸೇರಿಸಿದರೂ ಹರಿವು ಇಮ್ಮಡಿಯಾಗುವುದಿಲ್ಲ. ಒಂದು ಪಂಪು ಕೆಟ್ಟರೆ ಇನ್ನೊಂದು ಕೆಲಸ ಸಾಗಿಸಲಿ ಎಂದು ಇಡುವುದಾದರೆ ಸರಿ.

ಪಂಪು ತಿರುಗದಿದ್ದರೆ ಕಾರಣ ಬಹುಪಾಲು ವಿದ್ಯುತ್ತಿನದು. ಡಿ5 ಪೂರ್ಣ ವೇಗದಲ್ಲಿ 20 ವಾಟಿಗಿಂತ ಹೆಚ್ಚು ಎಳೆಯುತ್ತದೆ. ಮದರ್‌ಬೋರ್ಡಿನ ಸಾಧಾರಣ ಫ್ಯಾನ್ ಕನೆಕ್ಟರ್ 12 ವೋಲ್ಟಿನಲ್ಲಿ 1 ಆಂಪಿಯರ್ ಕೊಡುವಂಥದ್ದು, ಅದು ಸಾಲದು. ಆದ್ದರಿಂದ ಪಂಪಿನ ವಿದ್ಯುತ್ತು ಪವರ್ ಸಪ್ಲೈಯ ಮೊಲೆಕ್ಸ್ ಅಥವಾ ಸಾಟಾ ತಂತಿಯಿಂದ ನೇರವಾಗಿ ಬರುತ್ತದೆ, ಮದರ್‌ಬೋರ್ಡಿಗೆ ಹೋಗುವುದು ವೇಗದ ಸಂಕೇತ ಮಾತ್ರ. ಸಂಕೇತದ ತಂತಿ ಸರಿಯಿದ್ದು ವಿದ್ಯುತ್ತಿನ ತಂತಿ ಸಡಿಲವಾದರೆ ಪಂಪು ಸುಮ್ಮನಿರುತ್ತದೆ. ವಿದ್ಯುತ್ತು ಸರಿಯಿದ್ದು, ಬಯೋಸ್ ಪಂಪನ್ನು ಫ್ಯಾನೆಂದು ಭಾವಿಸಿ ಪ್ರೊಸೆಸರ್ ತಣ್ಣಗಿರುವಾಗ ಶೇ. 20 ವೇಗಕ್ಕೆ ಇಳಿಸಿದರೆ, ಹರಿವು ಹೊತ್ತಿಗೊಂದು ರೀತಿ ಕಾಣುತ್ತದೆ. ಬಯೋಸಿನಲ್ಲಿ ಆ ಕನೆಕ್ಟರಿಗೆ ಸ್ಥಿರ ವೇಗ ನಿಗದಿ ಮಾಡಿ ನೋಡುವುದಕ್ಕೆ ಎರಡು ನಿಮಿಷ ಸಾಕು. ಲೂಪ್ ಬಿಚ್ಚುವ ಮೊದಲು ಮಾಡಬೇಕಾದ ಪರೀಕ್ಷೆ ಇದು.

ಪಂಪಿನ ತಿರುಗುವೇಗದ ಅಂಕಿಯನ್ನು ಹರಿವಿನ ಅಂಕಿ ಎಂದು ತಿಳಿಯುವುದು ದೊಡ್ಡ ತಪ್ಪು. ಎದುರಿನ ದಾರಿ ಪೂರ್ತಿ ಮುಚ್ಚಿದ್ದರೂ ಪಂಪಿನ ಚಕ್ರ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತಲೇ ಇರುತ್ತದೆ. ಗಾಳಿ ತುಂಬಿದಾಗಲಂತೂ ಭಾರ ತಪ್ಪಿ ಇನ್ನೂ ವೇಗವಾಗಿ ತಿರುಗುತ್ತದೆ. ಎಂದಿಗಿಂತ ಹೆಚ್ಚಿನ ವೇಗ, ಜೊತೆಗೆ ಗಲಗಲ ಸದ್ದು ಎಂದರೆ ಚಕ್ರದ ಸುತ್ತ ನೀರಿಲ್ಲ ಎಂದರ್ಥ.

ಹೊಸದಾಗಿ ತುಂಬಿದ ಲೂಪುಗಳಲ್ಲಿ ಗಾಳಿಯಷ್ಟು ಕಾಟ ಕೊಡುವುದು ಬೇರೊಂದಿಲ್ಲ. ತೋಟದ ಬಾವಿಯ ಪಂಪ್‌ಸೆಟ್ಟಿಗೆ ನೀರು ಹಾಕಿ ಗಾಳಿ ತೆಗೆಯದೆ ಸ್ವಿಚ್ ಒತ್ತಿದರೆ ಮೋಟಾರು ಬರಿದೇ ಗುಂಯ್‌ಗುಡುವಂತೆ, ಈ ಪುಟ್ಟ ಪಂಪುಗಳೂ ಗಾಳಿಯನ್ನು ಎಳೆಯಲಾರವು. ಪಂಪಿನೊಳಗಿನ ಬೇರಿಂಗಿಗೆ ಎಣ್ಣೆಯ ಜಾಗದಲ್ಲಿರುವುದು ಆ ನೀರೇ. ಒಣಗಿದ ಪಂಪನ್ನು ಹೆಚ್ಚು ಹೊತ್ತು ಓಡಿಸಿದರೆ ಬೇರಿಂಗ್ ಸವೆದು, ಮುಂದೆ ನೀರು ತುಂಬಿದ ಮೇಲೂ ಕಿರುಗುಡುವ ಸದ್ದು ಉಳಿದುಬಿಡುತ್ತದೆ. ಹಾಗಾಗಿ ಮೊದಲು ರಿಸರ್ವಾಯರ್ ತುಂಬಿಸಿ, ನೀರು ತಾನಾಗಿ ಪಂಪಿಗೆ ಇಳಿದ ಮೇಲೆ ಕೆಲವು ಸೆಕೆಂಡು ಮಾತ್ರ ಓಡಿಸಿ, ಮಟ್ಟ ಇಳಿದಂತೆ ಮತ್ತೆ ತುಂಬಿಸುತ್ತ ಹೋಗಬೇಕು. ಈ ಹಂತದಲ್ಲಿ ಮದರ್‌ಬೋರ್ಡಿಗೂ ಗ್ರಾಫಿಕ್ಸ್ ಕಾರ್ಡಿಗೂ ವಿದ್ಯುತ್ತು ಕೊಡುವುದಿಲ್ಲ. ಪವರ್ ಸಪ್ಲೈಯ 24 ಪಿನ್ನಿನ ಕನೆಕ್ಟರಿನಲ್ಲಿ 16ನೆಯ ಪಿನ್ನನ್ನು ಪಕ್ಕದ ಗ್ರೌಂಡ್ ಪಿನ್ನಿಗೆ ಕೂಡಿಸಿದರೆ ಅದು ತಾನೊಂದೇ ಹೊತ್ತಿಕೊಂಡು ಪಂಪನ್ನು ಮಾತ್ರ ಓಡಿಸುತ್ತದೆ. ಹಳೆಯ ತಂತಿಗಳಲ್ಲಿ ಈ ಪಿನ್ನು ಹಸಿರು ಬಣ್ಣದ್ದು. ಈಗಿನ ತಂತಿಗಳು ಸಾಮಾನ್ಯವಾಗಿ ಕಪ್ಪಾದ್ದರಿಂದ ಎಣಿಸಿಯೇ ಗುರುತಿಸಬೇಕು. ಎಣಿಕೆಯ ಗೊಡವೆ ಬೇಡವೆನ್ನುವವರಿಗೆ ಇದಕ್ಕೆಂದೇ ಮಾಡಿದ ಪ್ಲಗ್ ಸಿಗುತ್ತದೆ.

ಗಾಳಿ ಅಡಗುವ ಜಾಗಗಳು ನಿಶ್ಚಿತ. ಛಾವಣಿಗೆ ಕೂರಿಸಿದ, ಬಾಯಿಗಳು ಕೆಳಮುಖವಾಗಿರುವ ರೇಡಿಯೇಟರಿನ ಒಡಲು, ನಿಲ್ಲಿಸಿದ ರೇಡಿಯೇಟರಿನ ಮೇಲಿನ ಕೋಣೆ, ಗ್ರಾಫಿಕ್ಸ್ ಬ್ಲಾಕಿನ ಮೂಲೆ, ಮೇಲಕ್ಕೆ ಹೋಗಿ ಮತ್ತೆ ಇಳಿಯುವ ಕೊಳವೆಯ ಬಾಗು. ಪಂಪಿನ ವೇಗವನ್ನು ಏರಿಳಿಸುತ್ತ, ಇಡೀ ಕ್ಯಾಬಿನೆಟನ್ನು ಹಿಂದಕ್ಕೆ ಮುಂದಕ್ಕೆ ಓರೆ ಮಾಡುತ್ತ ಗುಳ್ಳೆಗಳನ್ನು ರಿಸರ್ವಾಯರಿಗೆ ತಳ್ಳಬೇಕು. ಎಷ್ಟು ಗಾಳಿ ಉಳಿದಿದೆ ಎಂದು ತಿಳಿಯಲು ಸರಳ ಉಪಾಯವೊಂದಿದೆ. ರಿಸರ್ವಾಯರಿನ ಮುಚ್ಚಳ ತೆಗೆದು ಪಂಪು ಓಡಿಸಿ, ಥಟ್ಟನೆ ನಿಲ್ಲಿಸಬೇಕು. ಪಂಪಿನ ಒತ್ತಡದಲ್ಲಿ ಕುಗ್ಗಿದ್ದ ಗಾಳಿ ಹಿಗ್ಗುವುದರಿಂದ ನೀರಿನ ಮಟ್ಟ ಮೇಲೇರುತ್ತದೆ. ನೀರು ಒತ್ತಡಕ್ಕೆ ಹಾಗೆ ಕುಗ್ಗಿ ಹಿಗ್ಗುವ ವಸ್ತುವಲ್ಲ. ಮಟ್ಟ ಕಣ್ಣಿಗೆ ಕಾಣುವಷ್ಟು ಏರಿದರೆ ಗಾಳಿ ದಂಡಿಯಾಗಿದೆ. ಕದಲದಿದ್ದರೆ ಲೂಪಿನಲ್ಲಿ ಗಾಳಿ ಹೆಚ್ಚೇನೂ ಉಳಿದಿಲ್ಲ. ಕೂದಲೆಳೆಯಂಥ ಸಣ್ಣ ಗುಳ್ಳೆಗಳು ಹೊರಬರಲು ಒಂದೆರಡು ದಿನ ಹಿಡಿಯುತ್ತದೆ, ಅವುಗಳಿಂದ ತೊಂದರೆಯಿಲ್ಲ. ತಿಂಗಳುಗಟ್ಟಲೆ ಸರಿಯಿದ್ದ ಲೂಪಿನಲ್ಲಿ ಗುಳ್ಳೆ ಕಂಡರೆ ಮಾತ್ರ ಬೇರೆ ಮಾತು: ಕೊಳವೆಯ ಮೂಲಕ ನೀರು ಮೆಲ್ಲಗೆ ಆವಿಯಾಗಿ ಮಟ್ಟ ಇಳಿದಿದೆ, ಅಥವಾ ಎಲ್ಲೋ ಜಿನುಗುತ್ತಿದೆ.

ಹಳೆಯ ಲೂಪಿನಲ್ಲಿ ಹರಿವು ವಾರದಿಂದ ವಾರಕ್ಕೆ ಮೆಲ್ಲಗೆ ಇಳಿದಿದ್ದರೆ ಕಾರಣ ಕಸ, ಮತ್ತು ಅದು ಕೂರುವ ಜಾಗ ಹತ್ತರಲ್ಲಿ ಒಂಬತ್ತು ಸಲ ಎಂಬಂತೆ ಪ್ರೊಸೆಸರ್ ಬ್ಲಾಕು. ಅದರ ತಾಮ್ರದ ತಳದಲ್ಲಿ ಕೊರೆದ ಗೆರೆಗಳ ನಡುವಿನ ಸಂದಿ ಒಂದು ಮಿಲಿಮೀಟರಿನ ಅರ್ಧಕ್ಕೂ ಕಡಿಮೆ. ಅದರ ಮೇಲೆ ಜೆಟ್ ಪ್ಲೇಟ್ ಎಂಬ ತಗಡಿನ ಕಿರುಸೀಳಿನಿಂದ ನೀರು ಚಿಮ್ಮುತ್ತದೆ. ಹೀಗಾಗಿ ಇಡೀ ಲೂಪಿಗೆ ಅದೇ ಸೋಸುವ ಜರಡಿ. ರೇಡಿಯೇಟರಿನ ದಾರಿಗಳು ಇದರ ಮುಂದೆ ವಿಶಾಲ. ಅವು ಒಳಗಿನಿಂದ ಕಟ್ಟಿಕೊಳ್ಳುವುದು ಅಪರೂಪ. ಆದರೆ ಕಸದ ತವರು ಅನೇಕ ಸಲ ಅದೇ. ಬೆಸುಗೆ ಹಾಕುವಾಗ ಉಳಿದ ಫ್ಲಕ್ಸು, ಲೋಹದ ಚೂರು ಹೊಸ ರೇಡಿಯೇಟರಿನಲ್ಲೇ ಇರುತ್ತವೆ. ಬಿಸಿ ಡಿಸ್ಟಿಲ್ಡ್ ನೀರು ತುಂಬಿ ಕುಲುಕಿ ಹಲವು ಸಲ ತೊಳೆಯದೆ ಜೋಡಿಸಿದರೆ ಅದೆಲ್ಲ ಬ್ಲಾಕಿಗೆ ಬಂದು ಸೇರುತ್ತದೆ.

ಕೆಸರಿನ ಬಣ್ಣ ಅದರ ಮೂಲವನ್ನು ಹೇಳುತ್ತದೆ. ಬಿಳಿಚಾದ ಅಂಟು ಸಾಮಾನ್ಯವಾಗಿ ಪಾರದರ್ಶಕ ಪಿವಿಸಿ ಕೊಳವೆಯನ್ನು ಮೆತ್ತಗಿಡಲು ಬೆರೆಸಿದ ರಾಸಾಯನಿಕ. ಬಿಸಿಗೆ ಅದು ಕೊಳವೆಯಿಂದ ಬಿಟ್ಟುಕೊಂಡು ಬ್ಲಾಕಿನಲ್ಲಿ ಕೂರುತ್ತದೆ, ಕೊಳವೆಯೂ ಮಸುಕಾಗುತ್ತದೆ. ಕಪ್ಪು ಇಪಿಡಿಎಂ ರಬ್ಬರ್ ಕೊಳವೆಗೆ ಈ ಕಾಟವಿಲ್ಲ, ನೋಟವೂ ಇಲ್ಲ. ಹಸಿರು ಲೋಳೆ ಪಾಚಿಯಿರಬಹುದು, ತಾಮ್ರದ ಕಿಲುಬೂ ಇರಬಹುದು. ಹಾಲಿನಂತೆ ಮಂದವಾದ ಅಲಂಕಾರದ ಕೂಲಂಟುಗಳಲ್ಲಿ ಬಣ್ಣವೆಂದರೆ ನೀರಿನಲ್ಲಿ ತೇಲುವ ಕಣಗಳೇ. ಕಾಲ ಕಳೆದಂತೆ ಅವು ಕೆಳಗಿಳಿಯುತ್ತವೆ. ಫೋಟೋಗೆ ಚೆಂದ, ದಿನವಿಡೀ ದುಡಿಯುವ ಯಂತ್ರಕ್ಕೆ ಅದನ್ನು ತುಂಬುವುದು ಹರಿವಿನ ದೋಷವನ್ನು ದುಡ್ಡು ಕೊಟ್ಟು ತಂದಂತೆ.

ನೀರಿನ ಆಯ್ಕೆಯೂ ಇಲ್ಲೇ ಬರುತ್ತದೆ. ಬೆಂಗಳೂರಿನ ಮತ್ತು ಬಯಲುಸೀಮೆಯ ಬೋರ್‌ವೆಲ್ ನೀರು ಗಡಸು. ಗೀಸರಿನಲ್ಲಿ ಕಾಣುವ ಸುಣ್ಣದ ಪೊರೆ ಬ್ಲಾಕಿನಲ್ಲೂ ಕಟ್ಟುತ್ತದೆ. ಆರ್‌ಒ ನೀರಿನಲ್ಲೂ ಸ್ವಲ್ಪ ಲವಣ ಉಳಿದಿರುತ್ತದೆ. ಡಿಸ್ಟಿಲ್ಡ್ ನೀರು, ಇಲ್ಲವೇ ಬ್ಯಾಟರಿ ನೀರೆಂದು ಮಾರುವ ಡಿಮಿನರಲೈಸ್ಡ್ ನೀರು ತೊಳೆಯಲು ಸಾಕು. ಅದೇ ಅಂಗಡಿಯಲ್ಲಿ ಬ್ಯಾಟರಿ ಆಸಿಡ್ಡೂ ಸಿಗುವುದರಿಂದ ಲೇಬಲ್ ಓದುವುದು ಒಳಿತು. ಬರೀ ನೀರನ್ನೇ ತುಂಬಿ ಬಿಡಬಾರದು: ಪಾಚಿಯನ್ನೂ ಸವಕಳಿಯನ್ನೂ ತಡೆಯುವ ಸೇರ್ಪಡೆ ಬೇಕು. ತಾಮ್ರದ ಬ್ಲಾಕಿನ ಲೂಪಿಗೆ ಅಲ್ಯುಮಿನಿಯಂ ರೇಡಿಯೇಟರ್ ಸೇರಿಸಿದರೆ ಯಾವ ಸೇರ್ಪಡೆಯೂ ಬಹುಕಾಲ ಕಾಪಾಡದು. ಎರಡು ಲೋಹಗಳ ನಡುವೆ ನಡೆಯುವ ವಿದ್ಯುತ್‌ರಾಸಾಯನಿಕ ಕ್ರಿಯೆಯಲ್ಲಿ ಅಲ್ಯುಮಿನಿಯಂ ಕರಗಿ ಲೂಪೆಲ್ಲ ಬೂದು ಕೆಸರಾಗುತ್ತದೆ.

ಜೋಡಣೆಯ ತಪ್ಪುಗಳು ಮೊದಲ ದಿನವೇ ಕಾಣುವಂಥವು. ಪಂಪಿನ ನಡುಬಾಯಿಯಿಂದ ನೀರು ಒಳಬರಬೇಕು, ಅಂಚಿನ ಬಾಯಿಯಿಂದ ಹೊರಹೋಗಬೇಕು. ಅದಲುಬದಲಾದರೆ ಪಂಪು ತಿರುಗಿದರೂ ನೀರು ಅಷ್ಟಕ್ಕಷ್ಟೆ. ಜೆಟ್ ಪ್ಲೇಟ್ ಇರುವ ಪ್ರೊಸೆಸರ್ ಬ್ಲಾಕಿಗೂ ದಿಕ್ಕು ಮುಖ್ಯ, ರೇಡಿಯೇಟರಿಗೆ ಸಾಮಾನ್ಯವಾಗಿ ಅಲ್ಲ. ಮೆತ್ತನೆಯ ಕೊಳವೆ ಜೋಡಿಸುವಾಗ ನೆಟ್ಟಗಿದ್ದು, ಬಿಸಿಯಾದ ಮೇಲೆ ಬಾಗಿನಲ್ಲಿ ಮಡಚಿಕೊಳ್ಳುವುದುಂಟು. ಥಟ್ಟನೆ ಬಿಚ್ಚಿ ಸೇರಿಸುವ ಕ್ವಿಕ್ ಡಿಸ್‌ಕನೆಕ್ಟ್ ಜೋಡಿಗಳು ಗಣನೀಯ ತಡೆ ಒಡ್ಡುತ್ತವೆ, ಅರ್ಧ ಮಾತ್ರ ಕೂತಿದ್ದರೆ ದಾರಿಯನ್ನೇ ಮುಚ್ಚುತ್ತವೆ. 90 ಡಿಗ್ರಿಯ ಫಿಟ್ಟಿಂಗುಗಳ ಮೇಲಿರುವ ದೂರು ಉತ್ಪ್ರೇಕ್ಷೆ. ಬ್ಲಾಕುಗಳ ತಡೆಯ ಮುಂದೆ ನಾಲ್ಕಾರು ಮೊಣಕೈಗಳದ್ದು ಅಲ್ಪ.

ಹರಿವಿನ ಮೀಟರುಗಳಲ್ಲಿ ಹೆಚ್ಚಿನವು ಪುಟ್ಟ ಚಕ್ರವೊಂದರ ಸುತ್ತುಗಳನ್ನು ಎಣಿಸುವಂಥವು. ಪ್ರತಿ ಲೀಟರಿಗೆ ಎಷ್ಟು ಮಿಡಿತ ಎಂಬ ಸಂಖ್ಯೆಯನ್ನು ಸಾಫ್ಟ್‌ವೇರಿಗೆ ತಪ್ಪಾಗಿ ಕೊಟ್ಟರೆ ಅಂಕಿಯೇ ಸುಳ್ಳು; ಫ್ಯಾನ್ ಕನೆಕ್ಟರಿಗೆ ನೇರವಾಗಿ ಸಿಕ್ಕಿಸಿದರೆ ತೋರುವುದು ಚಕ್ರದ ಸುತ್ತುಗಳನ್ನೇ ಹೊರತು ಲೀಟರುಗಳನ್ನಲ್ಲ. ಗುಳ್ಳೆ ಹಾದಾಗ ಅಂಕಿ ಕುಣಿಯುತ್ತದೆ. ಚಕ್ರಕ್ಕೆ ನೂಲೆಳೆ ಸುತ್ತಿಕೊಂಡರೆ ನೀರು ಚೆನ್ನಾಗಿ ಓಡುತ್ತಿದ್ದರೂ ಸೊನ್ನೆ ಕಾಣುತ್ತದೆ. ಮೀಟರ್ ಸೊನ್ನೆ ಎಂದಾಗ ಚಿಪ್ಪಿನ ಉಷ್ಣತೆ ಮಾಮೂಲಿನಂತಿದ್ದರೆ ನಂಬಬೇಕಾದ್ದು ಚಿಪ್ಪನ್ನು.

ಇಷ್ಟಾದರೂ ಜಾಗ ಸಿಗದಿದ್ದರೆ ಲೂಪ್ ಬರಿದು ಮಾಡಿ ಭಾಗಗಳನ್ನು ಬಿಡಿಬಿಡಿಯಾಗಿ ಪರೀಕ್ಷಿಸಬೇಕಾಗುತ್ತದೆ. ಪಂಪು ಮತ್ತು ರಿಸರ್ವಾಯರ್ ಮಾತ್ರ ಇಟ್ಟು, ಹೊರಬರುವ ನೀರನ್ನು ಅಳತೆಯ ಪಾತ್ರೆಗೆ ಬಿಟ್ಟು ಸಮಯ ನೋಡಬೇಕು. ರಿಸರ್ವಾಯರ್ ಬರಿದಾಗದಂತೆ ಮೇಲಿನಿಂದ ನೀರು ಸುರಿಯಲು ಇನ್ನೊಬ್ಬರು ಬೇಕು. ಆಮೇಲೆ ಒಂದೊಂದೇ ಭಾಗ ಸೇರಿಸಿದಂತೆ ಹರಿವು ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ. ಯಾವುದನ್ನು ಸೇರಿಸಿದಾಗ ಒಮ್ಮೆಲೇ ಕುಸಿಯಿತೋ ದೋಷ ಅಲ್ಲಿದೆ.

ಕಟ್ಟಿಕೊಂಡ ಬ್ಲಾಕನ್ನು ಬಿಚ್ಚಿ, ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ಗೆರೆಗಳ ಉದ್ದಕ್ಕೆ ಉಜ್ಜಿದರೆ ಕೆಸರು ಬಿಡುತ್ತದೆ. ಬರೀ ತಾಮ್ರದ ತಳಕ್ಕೆ ನೀರು ಬೆರೆಸಿದ ವಿನೆಗರ್ ನಡೆಯುತ್ತದೆ. ನಿಕಲ್ ಲೇಪವಿದ್ದರೆ ಆಮ್ಲ ಸೋಕಿಸದಿರುವುದೇ ಕ್ಷೇಮ. ಅಕ್ರಿಲಿಕ್ ಭಾಗಗಳನ್ನು ಸ್ಪಿರಿಟ್ಟಿನಿಂದ ಒರೆಸಬಾರದು: ಆಲ್ಕೋಹಾಲ್ ತಗುಲಿದ ಅಕ್ರಿಲಿಕ್ಕಿನಲ್ಲಿ ಕೂದಲೆಳೆಯ ಬಿರುಕುಗಳು ಏಳುತ್ತವೆ. ಮತ್ತೆ ಕೂಡಿಸುವಾಗ ಓ-ರಿಂಗು ತನ್ನ ಕಾಲುವೆಯಲ್ಲಿ ಸರಿಯಾಗಿ ಕೂತಿದೆಯೇ, ಜೆಟ್ ಪ್ಲೇಟ್ ಮೊದಲಿದ್ದ ಮಗ್ಗುಲಲ್ಲೇ ಇದೆಯೇ ಎಂದು ನೋಡಬೇಕು. ಬಿಚ್ಚುವಾಗಲೇ ಫೋಟೋ ತೆಗೆದಿಟ್ಟರೆ ಈ ಸಂಶಯ ಬರುವುದಿಲ್ಲ. ಫಿಟ್ಟಿಂಗುಗಳಿಗೆ ಕೈಬಿಗಿ ಸಾಕು, ಸ್ಪ್ಯಾನರ್ ಹಾಕಿದರೆ ಅಕ್ರಿಲಿಕ್ ಬಿರಿಯುತ್ತದೆ. ನೀರು ತುಂಬುವ ಮೊದಲು ಕೈಪಂಪಿನಿಂದ ಅರ್ಧ ಬಾರ್‌ನಷ್ಟು ಗಾಳಿಯ ಒತ್ತಡ ಕೊಟ್ಟು ಮುಳ್ಳು ಇಳಿಯುತ್ತದೆಯೇ ಎಂದು ಕಾಯಬೇಕು. ಇಳಿಯದಿದ್ದರೆ ತುಂಬಿ, ಫಿಟ್ಟಿಂಗುಗಳ ಕೆಳಗೆ ಟಿಶ್ಯೂ ಕಾಗದ ಹಾಸಿ, ಪಂಪನ್ನು ಮಾತ್ರ ಹಲವು ಗಂಟೆ ಓಡಿಸಬೇಕು.

ಗಾಳಿಯೆಲ್ಲ ಹೋದ ಮೇಲೆ ಕೋಣೆಯ ಉಷ್ಣತೆ, ನೀರಿನ ಉಷ್ಣತೆ, ಚಿಪ್ಪಿನ ಉಷ್ಣತೆ, ಪಂಪಿನ ವೇಗ, ಮೀಟರಿದ್ದರೆ ಹರಿವು, ಇಷ್ಟನ್ನೂ ಒಂದೇ ಬಗೆಯ ಕೆಲಸ ಕೊಟ್ಟು ಅಳೆದು ಬರೆದಿಡುವುದು ಮುಂದಿನ ಸಲದ ಅರ್ಧ ಶ್ರಮವನ್ನು ಉಳಿಸುತ್ತದೆ. ತೊಳೆದು ಕೆಲವೇ ತಿಂಗಳಲ್ಲಿ ಹರಿವು ಮತ್ತೆ ಕುಸಿದರೆ ಕೆಸರಿನ ಮೂಲ ಲೂಪಿನೊಳಗೇ ಉಳಿದಿದೆ. ಆಗ ಬ್ಲಾಕನ್ನು ಮತ್ತೆ ಉಜ್ಜುವುದಕ್ಕಿಂತ ಕೊಳವೆಯನ್ನೂ ಕೂಲಂಟನ್ನೂ ಬದಲಿಸಿ, ರೇಡಿಯೇಟರನ್ನು ಹಿಂದುಮುಂದಾಗಿ ನೀರು ಹಾಯಿಸಿ ತೊಳೆಯಬೇಕು.